ಅಮೆಯ ರಜೆ

ನನ್ನ ಶಾಲೆಯ ಗೆಳತಿಯರಿಗೆಲ್ಲ ರಜೆ ಬರುತ್ತಿದ್ದದ್ದು ಏಪ್ರಿಲಿನಲ್ಲಿ, ಇಲ್ಲವೇ ದಸರಾಕ್ಕೆ. ನಮ್ಮ ಮನೆಗೆ ರಜೆ ಬರಬೇಕಾದರೆ ದಾಯಾದಿಗಳ ಪೈಕಿ ಯಾರಾದರೂ ಹೆರಬೇಕಿತ್ತು.

ತಮಾಷೆಗೆ ಹೇಳುತ್ತಿಲ್ಲ. ನಮ್ಮಪ್ಪ ಗಾಳಿಬೀಡಿನಿಂದಾಚೆ ಇರುವ ಒಂದು ಸಣ್ಣ ಊರಿನ ಈಶ್ವರ ದೇವಸ್ಥಾನದ ಅರ್ಚಕ. ಬೆಳಿಗ್ಗೆ ಪೂಜೆ, ಸಂಜೆ ದೀಪ. ದೇವರಿಗೆ ಭಾನುವಾರವಿಲ್ಲ, ಜ್ವರ ಬರುವುದಿಲ್ಲ, ನೆಂಟರ ಮನೆಗೆ ಹೋಗಬೇಕೆಂದೂ ಅನ್ನಿಸುವುದಿಲ್ಲ. ಹಾಗಾಗಿ ಅಪ್ಪನಿಗೂ ಅವು ಯಾವುವೂ ಇರಲಿಲ್ಲ. ಅಪ್ಪನನ್ನು ಆ ಗರ್ಭಗುಡಿಯಿಂದ ಬಿಡಿಸುವ ತಾಕತ್ತು ಇದ್ದದ್ದು ಎರಡಕ್ಕೆ ಮಾತ್ರ. ಒಂದು ಸಾವಿನ ಸೂತಕ. ಇನ್ನೊಂದು ಅಮೆ. ಕುಲದಲ್ಲಿ ಮಗು ಹುಟ್ಟಿದಾಗ ಬರುವ ಮೈಲಿಗೆಗೆ ನಮ್ಮವರು ಹಾಗೆನ್ನುತ್ತಾರೆ. ಅಮೆ ಬಂದರೆ ಹತ್ತು ದಿನ ಅಪ್ಪ ದೇವಸ್ಥಾನದ ಮೆಟ್ಟಿಲು ಹತ್ತುವ ಹಾಗಿಲ್ಲ. ಊರಿನ ತಕ್ಕರು, ಅಂದರೆ ದೇವಸ್ಥಾನದ ಹೊಣೆ ಹೊತ್ತ ಕೊಡವ ಮನೆತನದ ಹಿರಿಯರು, ಮಡಿಕೇರಿಯಿಂದ ಬೇರೆ ಗೋತ್ರದ ಅರ್ಚಕರೊಬ್ಬರನ್ನು ಕರೆಸಿ ಪೂಜೆ ನಡೆಸುತ್ತಿದ್ದರು. ಸಾವಿನ ಸೂತಕದಲ್ಲಿ ಯಾರೂ ತಿರುಗಾಡಲು ಹೋಗುವುದಿಲ್ಲ. ಅಮೆ ಹಾಗಲ್ಲ, ಅದು ಸಂತೋಷದ ಮೈಲಿಗೆ. ನಾನು ಮತ್ತು ನನ್ನ ತಮ್ಮ ಹಬ್ಬಗಳಿಗಿಂತ ಹೆಚ್ಚಾಗಿ ಅದನ್ನು ಕಾಯುತ್ತಿದ್ದೆವು.

ಉಳಿದ ದಿನಗಳಲ್ಲಿ ನಮ್ಮ ಪ್ರವಾಸಕ್ಕೆ ಒಂದು ಗೆರೆ ಇತ್ತು. ಬೆಳಗಿನ ಪೂಜೆ ಮುಗಿಸಿ ಹೊರಟು ಸಂಜೆ ದೀಪಕ್ಕೆ ಮೊದಲು ವಾಪಸಾಗುವಷ್ಟು ದೂರ. ರಾಜಾಸೀಟು, ಅಬ್ಬಿ ಜಲಪಾತ, ಒಮ್ಮೆ ಧೈರ್ಯ ಮಾಡಿ ಕುಶಾಲನಗರ. ಕುಶಾಲನಗರದಲ್ಲಿ ಐಸ್‌ಕ್ರೀಂ ಕೈಗೆ ಬರುವ ಹೊತ್ತಿಗೆ ಅಪ್ಪ ಬಸ್ಸು ಬರುವ ದಿಕ್ಕಿಗೇ ನೋಡುತ್ತಿದ್ದ. ಅಮ್ಮನ ತವರು ಮಡಿಕೇರಿಯಲ್ಲೇ. ಅಜ್ಜಿಮನೆಗೆ ರಜೆಗೆ ಹೋದರೂ ಕಿಟಕಿಯಿಂದ ನಮ್ಮೂರ ಬಸ್ಸೇ ಕಾಣುತ್ತಿತ್ತು. ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಚೆಟ್ಟಳ್ಳಿಯ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರರ ಮಗಳು. ಅವಳು ಮೈಸೂರು, ಊಟಿ ಎಂದೆಲ್ಲ ಹೇಳಿ ಕೊನೆಗೆ, "ನೀವೆಲ್ಲಿಗೆ ಹೋಗಿದ್ರಿ?" ಎಂದು ಕೇಳುತ್ತಿದ್ದಳು. "ನಮಗಿನ್ನೂ ಅಮೆ ಬಂದಿಲ್ಲ" ಎನ್ನುತ್ತಿದ್ದೆ. ಪಾಪ, ಅವಳಿಗೆ ಏನು ಅರ್ಥವಾಗಬೇಕು!

ನಮ್ಮ ಆಸೆ ಕಡಲಿನದು. ಅದನ್ನು ಹಚ್ಚಿದವನು ಅಪ್ಪನೇ. ಅವನು ಹುಟ್ಟಿದ್ದು ಕರಾವಳಿಯಲ್ಲಿ, ಅಡುಗೆಮನೆಯಲ್ಲಿ ಕೂತರೂ ಅಲೆಯ ಸದ್ದು ಕೇಳುವ ಮನೆಯಲ್ಲಿ. ಸೋದರಮಾವನ ಜೊತೆ ಪೂಜೆ ಕಲಿಯಲು ಘಟ್ಟ ಹತ್ತಿ ಬಂದವನು ಇಲ್ಲೇ ನಿಂತುಬಿಟ್ಟ. ಸಂಜೆ ದೀಪ ಹಚ್ಚಿ ಬಂದ ಮೇಲೆ ಅಂಗಳದಲ್ಲಿ ನಮ್ಮಿಬ್ಬರನ್ನು ಕೂರಿಸಿಕೊಂಡು ಪಡುವಣದ ಬೆಟ್ಟಗಳ ಕಡೆ ಕೈ ತೋರಿಸುತ್ತಿದ್ದ. "ಆ ಬೆಟ್ಟದ ಆಚೆ ಇನ್ನೊಂದು ಬೆಟ್ಟ. ಅದನ್ನು ಇಳಿದರೆ ಕಡಲು. ನೀರಿನಲ್ಲಿ ಸುಮ್ಮನೆ ನಿಂತರೆ ಸಾಕು, ಅಲೆ ವಾಪಸ್ ಹೋಗುವಾಗ ಕಾಲಡಿಯ ಮರಳನ್ನೂ ಎಳ್ಕೊಂಡು ಹೋಗ್ತದೆ. ನಾವು ನಿಂತಲ್ಲೇ ಇರ್ತೇವೆ, ಆದರೆ ಹೋಗ್ತಾ ಇದ್ದೇವೆ ಅಂತ ಅನ್ನಿಸ್ತದೆ."

"ಯಾವಾಗ ಹೋಗೋದು ಅಪ್ಪಾ?"

"ಅಮೆ ಬರಲಿ ಮಗಾ."

ಅಪ್ಪ ತಕ್ಕರನ್ನು ಕೇಳಿದ್ದರೆ ಅವರು ಎರಡು ದಿನಕ್ಕೆ ಬೇರೆಯವರನ್ನು ಗೊತ್ತುಮಾಡದೆ ಇರುತ್ತಿರಲಿಲ್ಲ. ಅಪ್ಪನಿಗೆ ಕೇಳಲು ಬಾಯಿ ಬರುತ್ತಿರಲಿಲ್ಲ. "ತಿರುಗಾಡ್ಲಿಕ್ಕೆ ಅಂತ ದೇವರನ್ನು ಬಿಟ್ಟುಹೋಗುವುದಾ?" ಎನ್ನುತ್ತಿದ್ದ. ದೇವರೇ ಬೇಡ ಎಂದು ಹೊರಗೆ ನಿಲ್ಲಿಸಿದರೆ ಮಾತ್ರ ಅವನ ರಜೆ ರಜೆ.

ಕೊನೆಗೂ ಅಮೆ ಬಂತು. ನಾನಾಗ ನಾಲ್ಕನೇ ಕ್ಲಾಸು. ಬಸ್ ನಿಲ್ಲುವಲ್ಲಿ ಅಂಗಡಿ ಇಟ್ಟಿದ್ದ ಮಲಯಾಳಿ ಕಾಕ, ಊರಿಗೆಲ್ಲ ಇದ್ದ ಒಂದೇ ಫೋನಿನ ಯಜಮಾನ, ಏದುಸಿರು ಬಿಡುತ್ತ ನಮ್ಮ ಮನೆಯವರೆಗೆ ಬಂದ. "ಅಮ್ಮಾ, ಘಟ್ಟದ ಕೆಳಗಿಂದ ಫೋನು. ಭಟ್ಟರ ತಮ್ಮನಿಗೆ ಗಂಡುಮಗು ಅಂತೆ. ಬಾಣಂತಿ, ಮಗು ಇಬ್ಬರಿಗೂ ಸುಖ."

ಚಿಕ್ಕಪ್ಪನ ಮಗು ಎಂದರೆ ಅಪ್ಪಟ ಅಮೆ! ತಮ್ಮ ಎದ್ದವನೇ ದೇವಸ್ಥಾನದ ಕಡೆ ಓಡಿದ. ಅಮ್ಮ ಅವನ ಅಂಗಿ ಹಿಡಿದು ಎಳೆದಳು. ಅಪ್ಪ ಆಗ ಗರ್ಭಗುಡಿಯ ಒಳಗಿದ್ದ, ಪೂಜೆ ಅರ್ಧದಲ್ಲಿತ್ತು. ನಮ್ಮಲ್ಲಿ ಸುದ್ದಿ ಕಿವಿಗೆ ಬಿದ್ದ ಗಳಿಗೆಯಿಂದಲೇ ಮೈಲಿಗೆ. ಕೇಳುವವರೆಗೆ ಏನೂ ಇಲ್ಲ. ಈಗ ಅಪ್ಪನಿಗೆ ಗೊತ್ತಾದರೆ ಕೈಯಲ್ಲಿದ್ದ ಆರತಿಯನ್ನು ಅಲ್ಲೇ ಇಟ್ಟು ಹೊರಗೆ ಬರಬೇಕು, ದೇವರು ನೈವೇದ್ಯವಿಲ್ಲದೆ ಕೂರಬೇಕು. "ಬಾಯಿ ಬಿಟ್ಟರೆ ನೋಡಿ! ಪೂಜೆ ಮುಗಿಯುವ ತನಕ ಉಸಿರು ಬಿಡಬಾರದು" ಎಂದು ಅಮ್ಮ ನಮ್ಮಿಬ್ಬರನ್ನು ದೇವಸ್ಥಾನದ ಮೆಟ್ಟಿಲ ಕೆಳಗೆ ನೆಲದಲ್ಲಿ ಕೂರಿಸಿದಳು.

ಅಷ್ಟು ದೊಡ್ಡ ಸುದ್ದಿಯನ್ನು ಬಾಯೊಳಗಿಟ್ಟುಕೊಂಡು ಕೂರುವ ಕಷ್ಟ ಕೂತವರಿಗೇ ಗೊತ್ತು. ತಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದ. ಅಪ್ಪ ಹೂವಿನ ತಟ್ಟೆಗೆಂದು ಒಮ್ಮೆ ಹೊರಗೆ ಬಂದವನು ನಮ್ಮನ್ನು ನೋಡಿದ. ಏನೋ ಕೇಳಲು ಹೊರಟು ನಿಲ್ಲಿಸಿದ. ಮತ್ತೆ ಒಳಗೆ ಹೋದ. ಆವತ್ತಿನ ಪೂಜೆಯಷ್ಟು ನಿಧಾನದ ಪೂಜೆಯನ್ನು ಅಪ್ಪ ಯಾವತ್ತೂ ಮಾಡಲಿಲ್ಲ. ಒಂದೊಂದೇ ಹೂವು, ಒಂದೊಂದೇ ಬಿಲ್ವಪತ್ರೆ. ಗೊತ್ತಾಗಿತ್ತು ಅವನಿಗೆ, ನನಗೆ ಅನುಮಾನವೇ ಇಲ್ಲ. ನೈವೇದ್ಯ ಮಾಡಿ, ಮಂಗಳಾರತಿ ಮುಗಿಸಿ, ಬಾಗಿಲು ಹಾಕಿ, ಬೀಗದಕೈಯನ್ನು ಮೊಳೆಗೆ ಸಿಕ್ಕಿಸಿ, ಮೆಟ್ಟಿಲಿಳಿದು ನೆಲದ ಮೇಲೆ ನಿಂತ. ಆಮೇಲೆ, "ಹ್ಞಾ, ಈಗ ಹೇಳಿ" ಎಂದ.

"ಅಮೆ ಬಂತೂ!" ತಮ್ಮನ ಕೂಗಿಗೆ ಹಲಸಿನ ಮರದ ಹಕ್ಕಿಗಳೆಲ್ಲ ಎದ್ದುಹೋದವು.

ತಕ್ಕರು ಮಧ್ಯಾಹ್ನವೇ ಜೀಪಿನಲ್ಲಿ ಬಂದರು. "ಎಂತ ಭಟ್ಟರೇ, ಹೊರಟಿರಾ? ಹೋಗಿ, ಹೋಗಿ. ದೀಪಕ್ಕೆ ನಾನಿದ್ದೇನೆ" ಎಂದರು. ಅಪ್ಪ ನಾಚಿಕೊಂಡು ನಕ್ಕ. ಅವನು ಹಾಗೆ ನಕ್ಕಿದ್ದನ್ನು ನಾನು ಮೊದಲು ನೋಡಿರಲಿಲ್ಲ.

ಮರುದಿನ ಸಂಪಾಜೆ ಘಾಟಿ ಇಳಿದೆವು. ನಾನು ಎರಡು ಸಲ ವಾಂತಿ ಮಾಡಿಕೊಂಡೆ, ತಮ್ಮ ಲೆಕ್ಕವಿಲ್ಲದಷ್ಟು. ಕೆಳಗಿನ ಸೆಕೆಗೆ ಅಮ್ಮ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಬೈಯುತ್ತಿದ್ದಳು. ಅಪ್ಪ ಮಾತ್ರ ಕಿಟಕಿಯಿಂದ ಮೂಗು ಹೊರಗಿಟ್ಟು, "ವಾಸನೆ ಬಂತಾ? ಉಪ್ಪಿನ ವಾಸನೆ?" ಎಂದು ಕೇಳುತ್ತಲೇ ಇದ್ದ. ಸಂಜೆಗೆ ಅವನು ಹುಟ್ಟಿದ ಮನೆಯ ಹಿಂದಿನ ದಾರಿಯಿಂದ ನಮ್ಮನ್ನು ಕಡಲಿಗೆ ಕರೆದುಕೊಂಡು ಹೋದ.

ಆ ಸಂಜೆಯ ಮೊದಲರ್ಧ ನನ್ನ ಜೀವಮಾನದ ಅತ್ಯಂತ ಒಳ್ಳೆಯ ಗಳಿಗೆ. ಅಪ್ಪ ಪಂಚೆ ಎತ್ತಿ ಕಟ್ಟಿ ನೀರಿಗೆ ಓಡಿದ. ನಮ್ಮಪ್ಪ! ಊರಲ್ಲಿ ಗಟ್ಟಿಯಾಗಿ ಹೆಜ್ಜೆ ಹಾಕಿದರೂ ಮಡಿ ಕೆಡುತ್ತದೇನೋ ಎಂಬಂತೆ ನಡೆಯುವವನು ಅಲ್ಲಿ ಅಲೆಯನ್ನು ಅಟ್ಟಿಸಿಕೊಂಡು ಹೋದ, ಅಲೆ ಅಟ್ಟಿಸಿಕೊಂಡು ಬಂದಾಗ ಕಿರುಚಿದ. ನಮ್ಮ ಕೈ ಹಿಡಿದು ನಿಲ್ಲಿಸಿ ಕಾಲಡಿಯ ಮರಳು ಜಾರುವುದನ್ನು ತೋರಿಸಿದ. ಯಾರೂ ಅವನನ್ನು ಭಟ್ಟರೇ ಎನ್ನಲಿಲ್ಲ. ಅಪ್ಪ ಇಡೀ ನಮ್ಮವನಾಗಿದ್ದ.

ಆಮೇಲೆ ಬೆಳಕು ಇಳಿಯತೊಡಗಿತು. ದಡದಲ್ಲಿದ್ದ ಜನರೆಲ್ಲ ಸೂರ್ಯ ಮುಳುಗುವುದನ್ನು ನೋಡಲು ಕಡಲಿನ ಕಡೆ ಮುಖ ಮಾಡಿದರು. ನಾನು ಅಪ್ಪನ ಕೈ ಹುಡುಕಿದೆ. ಅವನು ನೀರಿನಿಂದ ಮೇಲೆ ಬಂದು, ಕಡಲಿಗೆ ಬೆನ್ನು ಹಾಕಿ, ಮೂಡಣಕ್ಕೆ, ನಾವು ಇಳಿದು ಬಂದ ಬೆಟ್ಟಗಳ ಕಡೆ ಮುಖ ಮಾಡಿ ನಿಂತಿದ್ದ.

"ಅಪ್ಪಾ, ಕಡಲು ಈ ಕಡೆ."

"ಹೌದು ಮಗಾ" ಎಂದ. ತಿರುಗಲಿಲ್ಲ.

ದೀಪದ ಹೊತ್ತಾಗಿತ್ತು. ಅವನು ಅಮ್ಮನಿಗೆ ಮೆಲ್ಲಗೆ ಹೇಳುತ್ತಿದ್ದದ್ದು ಕೇಳಿಸಿತು. "ಎಡಗಡೆಯ ಬಾಗಿಲು ಅರ್ಧ ಮುಚ್ಚಬೇಕು ಅಂತ ಮಡಿಕೇರಿಯ ಭಟ್ಟರಿಗೆ ಹೇಳಲೇ ಇಲ್ಲ ಮಾರಾಯ್ತಿ." ನಮ್ಮೂರಲ್ಲಿ ಗಾಳಿಗೇನು ಬರವಿಲ್ಲ. ಸಂಜೆ ಕಣಿವೆಯಿಂದ ಏಳುವ ಗಾಳಿ ನೇರ ಒಳಗೆ ನುಗ್ಗುತ್ತದೆ. ಗರ್ಭಗುಡಿಯ ಮುಂದಿನ ತೂಗುದೀಪ ನಿಲ್ಲಬೇಕಾದರೆ ಹೊರಬಾಗಿಲಿನ ಎಡಗಡೆಯ ಹಲಗೆಯನ್ನು ಅರ್ಧ ಮುಚ್ಚಿರಬೇಕು. ಪೂರ್ತಿ ಮುಚ್ಚಿದರೆ ಹೊಗೆ, ತೆರೆದರೆ ದೀಪ ಆರುತ್ತದೆ. ಇದು ಅಪ್ಪನ ಕೈಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಬಾಯಲ್ಲಿ ಹೇಳಬೇಕಾದ ವಿಷಯವೆಂದು ಅವನಿಗೆ ಹೊಳೆದೇ ಇರಲಿಲ್ಲ. ಹಣ್ಣುಕಾಯಿ, ಎಣ್ಣೆ, ಬತ್ತಿ ಎಲ್ಲ ಹೇಳಿ ಬಂದವನು ಬಾಗಿಲನ್ನು ಮರೆತಿದ್ದ.

"ತಕ್ಕರಿದ್ದಾರಲ್ಲ, ನೋಡಿಕೊಳ್ತಾರೆ" ಎಂದಳು ಅಮ್ಮ.

"ತಕ್ಕರಿಗೆ ಬಾಗಿಲಿಂದು ಗೊತ್ತಿಲ್ಲ. ಫೋನ್ ಮಾಡುವಾ ಅಂದ್ರೆ ಕಾಕನ ಅಂಗಡಿ ಈ ಹೊತ್ತಿಗೆ ಮುಚ್ಚಿರ್ತದೆ."

ಹಿಂದೆ ಸೂರ್ಯ ಮುಳುಗಿದ. ಜನ ಓ ಎಂದರು. ಅಪ್ಪ ನೋಡಲಿಲ್ಲ. ಮರುದಿನದ ಮೊದಲ ಬಸ್ಸಿಗೇ ನಾವು ಘಟ್ಟ ಹತ್ತಿದೆವು. ಉಳಿದ ಅಮೆಯ ದಿನಗಳನ್ನೆಲ್ಲ ಅಪ್ಪ ಊರಲ್ಲೇ ಕಳೆದ. ಸಂಜೆಯಾದರೆ ಮೆಟ್ಟಿಲಿನಿಂದ ದೂರ ನಿಂತು, "ಎಡಗಡೆದು... ಇನ್ನೊಂಚೂರು... ಸಾಕು, ಸಾಕು" ಎಂದು ಆ ಅರ್ಚಕರಿಗೆ ಕೂಗಿ ಹೇಳುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತ್ತು. ಅಪ್ಪನ ಮೇಲಲ್ಲ, ಆ ಬಾಗಿಲಿನ ಮೇಲೆ.

ಆಮೇಲೂ ಅಮೆಗಳು ಬಂದವು. ಅಪ್ಪ ಒಮ್ಮೆಯೂ ಘಟ್ಟ ಇಳಿಯಲಿಲ್ಲ. "ಮುಂದಿನ ಸಲ" ಎನ್ನುತ್ತಿದ್ದ.

ನಾನು ಓದಿ ಮಡಿಕೇರಿಯಲ್ಲಿ ಶಾಲೆಯ ಟೀಚರಾದೆ, ಟೀಚರನ್ನೇ ಮದುವೆಯಾದೆ. ನನ್ನ ಅದೃಷ್ಟ ನೋಡಿ, ರಜೆಯೇ ಇಲ್ಲದ ಮನೆಯಿಂದ ಇಬ್ಬರಿಗೂ ರಜೆ ಇರುವ ಮನೆಗೆ ಬಂದೆ. ಬಸುರಿಯಾದಾಗ ನನ್ನ ತಲೆಯಲ್ಲಿ ಮೊದಲು ಓಡಿದ್ದು ಹಳೆಯ ಆಸೆಯೇ. ತವರಿಗೆ ಹೋದವಳು ಅಪ್ಪನಿಗೆ ತಮಾಷೆ ಮಾಡಿದೆ. "ತಯಾರಾಗಿ ಅಪ್ಪಾ, ನಿಮಗೆ ಅಮೆ ತರ್ತಾ ಇದ್ದೇನೆ!"

ಅಪ್ಪ ನನ್ನನ್ನೇ ನೋಡಿದ. "ನಿನ್ನ ಮಗು ನನಗೆ ಅಮೆ ತರೂದಿಲ್ಲ ಮಗಾ. ಖುಷಿ ಮಾತ್ರ ತರ್ತದೆ."

ಮದುವೆ ಮಾಡಿಕೊಟ್ಟ ಮಗಳ ಮಗು ಬೇರೆ ಗೋತ್ರದ್ದು. ಅದರ ಅಮೆ ನನ್ನ ಗಂಡನ ಮನೆಯವರಿಗೆ. ಅರ್ಚಕರ ಮಗಳಾಗಿ ನನಗಿದು ಗೊತ್ತಿಲ್ಲದ್ದೇನಲ್ಲ, ಆದರೆ ಯೋಚಿಸಿರಲಿಲ್ಲ. ಧಾರೆ ಎರೆಯುವಾಗ ಒಂದು ಹನಿ ಕಣ್ಣೀರು ಹಾಕದ ನಾನು ಆವತ್ತು ಹಿತ್ತಲಲ್ಲಿ ನಿಂತು ಅತ್ತೆ. ಮಗಳು ಹುಟ್ಟಿದ ದಿನ ಅಪ್ಪ ಪೂಜೆ ಮುಗಿಸಿ ಆಸ್ಪತ್ರೆಗೆ ಬಂದ, ಮಗುವನ್ನು ಎತ್ತಿಕೊಂಡ, ಅದರ ಕಿವಿಯ ಹತ್ತಿರ ಏನೋ ಹೇಳಿದ. ಮನೆಗೆ ಹೋಗಿ ಸ್ನಾನ ಮಾಡಿ ದೀಪ ಹಚ್ಚಬೇಕಲ್ಲ, ಬೇಗ ಎದ್ದ. ಅಪ್ಪನನ್ನು ಕಡಲಿಗೆ ಕಳಿಸುವ ಭಾಗ್ಯ ನನ್ನ ಮಗಳ ಪಾಲಿಗಿರಲಿಲ್ಲ.

ಮಗಳು ನಡೆಯಲು ಕಲಿತ ವರ್ಷದಿಂದ ನಾವು ಪ್ರತಿ ರಜೆಗೂ ಕಡಲಿಗೆ ಹೋಗುತ್ತೇವೆ. ಗಂಡ ಒಮ್ಮೆ, "ಬೇರೆ ಊರುಗಳೂ ಇವೆಯಲ್ಲ ಪ್ರಪಂಚದಲ್ಲಿ" ಎಂದು ನೋಡಿದರು. ನನ್ನ ಮುಖ ನೋಡಿ ಬ್ಯಾಗಿಗೆ ಟವೆಲು ತುಂಬತೊಡಗಿದರು. ಮಗಳು ಮರಳಿನ ಮನೆ ಕಟ್ಟುತ್ತಾಳೆ, ಗಂಡ ಚುರುಮುರಿ ತರುತ್ತಾರೆ, ನಾನು ಅಪ್ಪನಿಗೆ ಫೋನ್ ಮಾಡಿ ಮೊಬೈಲನ್ನು ಅಲೆಯ ಕಡೆ ಹಿಡಿಯುತ್ತಿದ್ದೆ. ನಮ್ಮೂರಲ್ಲಿ ನೆಟ್‌ವರ್ಕ್ ಸಿಗುವುದು ದೇವಸ್ಥಾನದ ಮೆಟ್ಟಿಲ ಬುಡದಲ್ಲಿ ಮಾತ್ರ. ಅಪ್ಪ ಅಲ್ಲಿ ನಿಂತು ಕೇಳುತ್ತಿದ್ದ.

"ಕೇಳ್ತದಾ ಅಪ್ಪಾ?"

"ಕೇಳ್ತದೆ. ಇವತ್ತು ದೊಡ್ಡ ಅಲೆ ಅಲ್ವಾ?" ಆಮೇಲೆ, "ಇಡ್ತೇನೆ ಮಗಾ. ದೀಪಕ್ಕೆ ಹೊತ್ತಾಯ್ತು."

ಫೋನಿಟ್ಟ ಮೇಲೆ ಕಡಲು ನನಗೆ ಅರ್ಧವೇ ಕಾಣುತ್ತಿತ್ತು. ಮಗಳನ್ನು ನೀರಿನಲ್ಲಿ ನಿಲ್ಲಿಸಿ ಕಾಲಡಿಯ ಮರಳು ಜಾರುವುದನ್ನು ತೋರಿಸಿದರೆ ಅವಳು ಕಿಲಕಿಲ ನಗುತ್ತಿದ್ದಳು. ಇದನ್ನು ತೋರಿಸಬೇಕಾದವಳು ನಾನಲ್ಲ ಅನ್ನಿಸುತ್ತಿತ್ತು.

ಅಷ್ಟರಲ್ಲಿ ನಮ್ಮೂರಿಗೇ ಪ್ರವಾಸಿಗರು ಬರತೊಡಗಿದ್ದರು. ತೋಟಕ್ಕೊಂದು ಹೋಂಸ್ಟೇ ಬೋರ್ಡು ಬಂತು. ಬಂದವರು ದೇವಸ್ಥಾನಕ್ಕೂ ಹತ್ತುತ್ತಿದ್ದರು. ಬಿಳಿ ಟೋಪಿಯ ಒಬ್ಬರು ಸುತ್ತಲಿನ ಬೆಟ್ಟ ನೋಡಿ, "ಪುಣ್ಯವಂತರು ನೀವು ಸ್ವಾಮಿ, ವರ್ಷವಿಡೀ ರಜೆಯಲ್ಲಿದ್ದ ಹಾಗೆ" ಎಂದದ್ದು ನನ್ನ ಎದುರಿಗೇ. ನಾನು ಏನಾದರೂ ಅಂದುಬಿಡುತ್ತಿದ್ದೆ. ಅಪ್ಪ, "ಹೌದು, ಹೌದು" ಎಂದು ಅವರಿಗೆ ತೀರ್ಥ ಕೊಟ್ಟ.

ತಮ್ಮ ವೇದಪಾಠ ಕಲಿತು ಬಂದು ಪೂಜೆಗೆ ನಿಂತ. ಈಗಲಾದರೂ ಬನ್ನಿ ಎಂದೆ. "ಅವನಿಗಿನ್ನೂ ಕೈ ಕೂತಿಲ್ಲ" ಎಂದ ಅಪ್ಪ. ಆಮೇಲಿನ ವರ್ಷ ಮಂಡಿ ನೋವು. ಅದರ ಮುಂದಿನ ವರ್ಷ ಕೊನೆಗೂ ಬಾಯಿಬಿಟ್ಟ. "ಇವನಿಗೊಂದು ಮಗುವಾಗಲಿ. ಆಗ ಇಬ್ಬರಿಗೂ ಒಟ್ಟಿಗೇ ಅಮೆ. ಎಲ್ಲರೂ ಹೋಗುವಾ. ಎರಡು ದಿನ ಇರುವಾ." ನನ್ನ ಮಗಳು ಕುಣಿದಳು. ನಾನು ತಮ್ಮನಿಗೆ ಹೆಣ್ಣು ಹುಡುಕಲು ಬಿದ್ದೆ. ದೇವಸ್ಥಾನದ ಹುಡುಗನಿಗೆ, ಅದೂ ನಮ್ಮಂಥ ಮೂಲೆ ಊರಿನವನಿಗೆ ಹೆಣ್ಣು ಸಿಗುವುದೆಂದರೆ ಚಪ್ಪಲಿ ಸವೆಯುವ ಕೆಲಸ. ಅಂತೂ ಕರಾವಳಿಯ ಒಬ್ಬ ಹುಡುಗಿ ಒಪ್ಪಿದಳು. ಮದುವೆಯ ದಿನ ಅಪ್ಪ ನನ್ನ ಕಿವಿಯಲ್ಲಿ, "ಹೆಣ್ಣಿನ ತವರು ಕಡಲಿಗೆ ಹತ್ತಿರ. ನೋಡಿದ್ಯಾ?" ಎಂದು ಕಣ್ಣು ಮಿಟುಕಿಸಿದ.

ಆ ಮಳೆಗಾಲ ದಾಟಲಿಲ್ಲ ಅವನು. ಸಂಜೆ ದೀಪ ಹಚ್ಚಿ ಬಂದು, ಅಂಗಳದ ಕುರ್ಚಿಯಲ್ಲಿ ಪಡುವಣಕ್ಕೆ ಮುಖ ಮಾಡಿ ಕೂತವನು ಕಾಫಿ ತಂದ ಅಮ್ಮನಿಗೆ ಓಗೊಡಲಿಲ್ಲ. ತಮ್ಮನಿಗೆ ಸೂತಕ ಬಂತು, ಮಡಿಕೇರಿಯಿಂದ ಬೇರೆ ಅರ್ಚಕರು ಬಂದರು. ಹೊರಗೆ ಕೊಟ್ಟ ಮಗಳಿಗೆ ಮೂರೇ ದಿನವಂತೆ, ನಾಲ್ಕನೆಯ ದಿನ ನಾನು ಶುದ್ಧಳಂತೆ. ಆ ಶಾಸ್ತ್ರ ಬರೆದವನು ನನ್ನ ಎದುರಿಗೆ ಸಿಕ್ಕಿದ್ದರೆ ನಾಲ್ಕು ಮಾತು ಕೇಳುತ್ತಿದ್ದೆ.

ಅಪ್ಪ ಹೋಗಿ ಎರಡನೆಯ ವರ್ಷ, ಮೊನ್ನೆ ಬೇಸಗೆಯಲ್ಲಿ, ತಮ್ಮನ ಫೋನು ಬಂತು. ಗಡ್ಡ ಮೀಸೆ ಬಂದ ಗಂಡಸು, ಒಂದು ಊರಿನ ಅರ್ಚಕ. ಮೆಟ್ಟಿಲ ಬುಡದಲ್ಲಿ ನಿಂತು ಹಳೆಯ ದನಿಯಲ್ಲೇ ಕೂಗಿದ. "ಅಕ್ಕಾ, ಅಮೆ ಬಂತೂ!" ಹೆಣ್ಣುಮಗು. ನಾನು ನಕ್ಕೆ, ಮರುಗಳಿಗೆಗೆ ಕಣ್ಣೊರೆಸಿಕೊಂಡೆ. "ಹೋಗುವಾ ಅಕ್ಕ" ಎಂದ ಆಮೇಲೆ. "ಎರಡು ದಿನ ಇರುವಾ."

ಅಮ್ಮ, ತಮ್ಮ, ನಾನು, ನನ್ನ ಗಂಡ, ಮಗಳು ಎಲ್ಲರೂ ಘಟ್ಟ ಇಳಿದು ತಮ್ಮನ ಹೆಂಡತಿಯ ತವರಿಗೆ ಹೋಗಿ ಬಾಣಂತಿಯನ್ನೂ ಮಗುವನ್ನೂ ನೋಡಿದೆವು. ಮಗುವಿನ ಹಣೆ ಅಪ್ಪನದೇ ಎಂದಳು ಅಮ್ಮ. ಸಂಜೆ ಅಮ್ಮ ಮಗುವಿನ ಹತ್ತಿರ ಉಳಿದಳು, ನಾವು ಕಡಲಿಗೆ ಹೋದೆವು. ತಮ್ಮ ಪ್ಯಾಂಟು ಮಡಚಿ ನೀರಿಗಿಳಿದು ನನ್ನ ಮಗಳ ಮೇಲೆ ನೀರೆರಚಿದ. ಅವಳು ಸೋದರಮಾವನನ್ನು ದಡದುದ್ದಕ್ಕೂ ಅಟ್ಟಿಸಿಕೊಂಡು ಹೋದಳು. ಬೆಳಕು ಇಳಿಯತೊಡಗಿತು. ನಾನು ತಮ್ಮನನ್ನೇ ನೋಡುತ್ತಿದ್ದೆ. ಈಗ ತಿರುಗುತ್ತಾನೆ, ಈಗ ಕಡಲಿಗೆ ಬೆನ್ನು ಹಾಕುತ್ತಾನೆ ಎಂದು ಕಾಯುತ್ತಿದ್ದೆ.

ಅವನ ಚಪ್ಪಲಿ, ಮೊಬೈಲು ನನ್ನ ಹತ್ತಿರವಿದ್ದವು. ಮೊಬೈಲು ಸದ್ದು ಮಾಡಿತು. "ನೋಡಕ್ಕ, ತಕ್ಕರು ಫೋಟೋ ಹಾಕಿರ್ಬೇಕು" ಎಂದು ಅವನು ನೀರಿನಿಂದಲೇ ಕೂಗಿದ. ಹಳೆಯ ತಕ್ಕರಿಲ್ಲ, ಇವರು ಅವರ ಮಗ. ತೆರೆದು ನೋಡಿದೆ. ನಮ್ಮ ದೇವಸ್ಥಾನದ ಹೊರಬಾಗಿಲು. ಎಡಗಡೆಯ ಹಲಗೆ ಅರ್ಧ ಮುಚ್ಚಿತ್ತು. ಆ ಸಂದಿನಲ್ಲಿ, ಒಳಗೆ, ತೂಗುದೀಪ ಉರಿಯುತ್ತಿತ್ತು.

"ಹಚ್ಚಿದ್ದಾರಾ?"

"ಹ್ಞೂಂ."

"ಬಾಗಿಲು?"

"ಅರ್ಧ ಮುಚ್ಚಿದೆ."

"ಸರಿ ಹಾಗಾದ್ರೆ" ಎಂದು ಅವನು ನನ್ನ ಮಗಳ ಕೈ ಹಿಡಿದು ಅಲೆಯ ಕಡೆ ತಿರುಗಿದ.

ಇಷ್ಟೇ. ಅಪ್ಪನಿಗೆ ಬೇಕಾಗಿದ್ದದ್ದು ಇಷ್ಟೇ. ಒಂದೇ ಒಂದು ಫೋಟೋ. ಆವತ್ತು ಇದು ಕೈಗೆ ಬಂದಿದ್ದರೆ ಅವನು ನಮ್ಮ ಕಡೆ ತಿರುಗುತ್ತಿದ್ದ, ಸೂರ್ಯ ಮುಳುಗುವುದನ್ನು ನೋಡುತ್ತಿದ್ದ, ಹತ್ತು ದಿನವೂ ನಮ್ಮವನಾಗಿರುತ್ತಿದ್ದ. ನನಗೆ ಅಳು ತಡೆಯಲಾಗಲಿಲ್ಲ.

ಜನರೆಲ್ಲ ಪಡುವಣಕ್ಕೆ ನಿಂತಿದ್ದರು. ನಾನು ಕಡಲಿಗೆ ಬೆನ್ನು ಹಾಕಿ ಬೆಟ್ಟಗಳ ಕಡೆ ತಿರುಗಿದೆ. ಮೊಬೈಲಿನ ಆ ದೀಪವನ್ನು ಎತ್ತಿ ಹಿಡಿದೆ. ಮಗಳು ಹಿಂದಿನಿಂದ, "ಅಮ್ಮಾ, ಆ ಕಡೆ ಏನು ನೋಡ್ತಿದ್ದೀಯ?" ಎಂದು ಕೂಗುತ್ತಿದ್ದಳು.

"ಅಪ್ಪಾ, ದೀಪ ಹಚ್ಚಿದ್ದಾರೆ. ಬಾಗಿಲು ಸರಿಯಾಗಿದೆ" ಎಂದೆ. "ಕಡಲು ಈ ಕಡೆ."